ಆನ್‌ಲೈನ್ ಪಾಠ ಮಾಡುವವರಿಗೆ ನಿಜಕ್ಕೂ ಉಪಯೋಗಕ್ಕೆ ಬಂದ ತರಬೇತಿ ಯಾವುದು? ಪರದೆಯಾಚೆಯ ವಿದ್ಯಾರ್ಥಿಯ ಜೊತೆ ನಂಟು ಬೆಳೆಯುವುದು ಹೇಗೆ?

ಬಯಲುಸೀಮೆಯ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ವಾಣಿಜ್ಯ ವಿಭಾಗದವಳು. ಹಗಲಿನ ಕಾಲೇಜು ತರಗತಿಗಳ ಜೊತೆಗೆ, ಮನೆಯಿಂದಲೇ ಬಿ.ಕಾಂ. ಓದುತ್ತಿರುವವರಿಗೆ ಸಂಜೆಯ ಹೊತ್ತು ಆನ್‌ಲೈನ್‌ನಲ್ಲಿ ಲೆಕ್ಕಶಾಸ್ತ್ರ ಕಲಿಸುತ್ತೇನೆ. ಪಟ್ಟಿಯಲ್ಲಿ ಅರವತ್ತಕ್ಕೂ ಹೆಚ್ಚು ಹೆಸರುಗಳಿವೆ. ಬಾಯಿ ಬಿಡುವವರು ಮೂರೋ ನಾಲ್ಕೋ ಮಂದಿ, ಪ್ರತಿ ಸಲವೂ ಅವರೇ. "ಅರ್ಥವಾಯಿತೇ?" ಎಂದು ಕೇಳಿದರೆ ಚಾಟ್‌ನಲ್ಲಿ "ಹೌದು ಮೇಡಂ" ಎಂದು ಸಾಲು ಸಾಲಾಗಿ ಬರುತ್ತದೆ. ಆದರೆ ಸವಕಳಿಯನ್ನು (ಬಳಕೆಯಿಂದ ಆಸ್ತಿಯ ಮೌಲ್ಯ ಕುಗ್ಗುವುದನ್ನು) ಲಾಭ-ನಷ್ಟದ ಖಾತೆಗೂ ಒಯ್ಯಬೇಕು, ಆಸ್ತಿಯ ಮೌಲ್ಯದಿಂದಲೂ ಕಳೆಯಬೇಕು ಎಂಬ ಮೊದಲ ಪಾಠವೇ ಅದೇ ವಾರದ ಅಭ್ಯಾಸ ಲೆಕ್ಕಗಳಲ್ಲಿ ಕಾಣುವುದಿಲ್ಲ.

2020ರಿಂದ ಈಚೆಗೆ ನಾನು ಅನೇಕ ತರಬೇತಿಗಳನ್ನು ಮುಗಿಸಿದ್ದೇನೆ. ಪರದೆ ಹಂಚುವುದು, ರಸಪ್ರಶ್ನೆ ತಯಾರಿಸುವುದು, ವಿಡಿಯೊ ಕತ್ತರಿಸಿ ಜೋಡಿಸುವುದು, ಹಾಜರಾತಿ ಇಳಿಸಿಕೊಳ್ಳುವುದು ಎಲ್ಲವೂ ಬರುತ್ತದೆ. ಎದುರಿಗಿರುವ ಮೌನವನ್ನು ಏನು ಮಾಡಬೇಕೆಂದು ಮಾತ್ರ ಯಾವ ತರಬೇತಿಯಲ್ಲೂ ಯಾರೂ ಹೇಳಿಕೊಡಲಿಲ್ಲ. ಆದ್ದರಿಂದ ನೇರವಾಗಿ ಕೇಳುತ್ತೇನೆ: ನಿಮ್ಮ ಪಾಠವನ್ನು ಬದಲಿಸಿದ ತರಬೇತಿ ಯಾವುದು? ಒಮ್ಮೆಯೂ ಮುಖ ನೋಡದ ವಿದ್ಯಾರ್ಥಿಗಳನ್ನು ನೀವು ಹೇಗೆ ಬಲ್ಲಿರಿ?

ಭೌತವಿಜ್ಞಾನ ಮೇಷ್ಟ್ರು

ಮೊದಲು ಕ್ಯಾಮೆರಾ ವಿಷಯವನ್ನು ಬದಿಗಿಡೋಣ, ಯಾಕೆಂದರೆ ಈ ಚರ್ಚೆ ಯಾವಾಗಲೂ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಕ್ಯಾಮೆರಾ ಮುಚ್ಚಿರುವುದು ಅಗೌರವವಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಒಂದೇ ಕೋಣೆಯ ಮನೆಯವರು; ಹಿಂದೆ ಯಾರೋ ಅಡುಗೆ ಮಾಡುತ್ತಿರುತ್ತಾರೆ, ಯಾರೋ ಮಲಗಿರುತ್ತಾರೆ. ದಿನದ ಡೇಟಾ ಮುಗಿದರೆ ಮರುದಿನದವರೆಗೆ ಪಾಠವೇ ಇಲ್ಲ. ಮುಖ ತೋರಿಸಿ ಎಂದು ಒತ್ತಾಯಿಸಿದಾಗ ಹೆಣ್ಣುಮಕ್ಕಳು ತರಗತಿಯನ್ನೇ ಬಿಟ್ಟದ್ದನ್ನು ನಮ್ಮ ವಿಭಾಗದಲ್ಲಿ ನೋಡಿದ್ದೇವೆ.

ನಾನು ಮಾಡುವುದು ಇಷ್ಟು. ಸೆಮಿಸ್ಟರ್‌ನ ಮೊದಲ ವಾರ ಪಾಠ ಆರಂಭಿಸುವ ಮುನ್ನ ಕೆಲವು ಪ್ರಶ್ನೆಗಳನ್ನು ಕಳಿಸುತ್ತೇನೆ. ಫೋನು ನಿಮ್ಮದೇ ಅಥವಾ ಮನೆಯವರದ್ದೇ, ಎಷ್ಟು ಗಂಟೆಗೆ ಕೈಗೆ ಸಿಗುತ್ತದೆ, ಕೆಲಸಕ್ಕೆ ಹೋಗುತ್ತೀರಾ, ಈ ವಿಷಯದಲ್ಲಿ ನಿಮಗೆ ಭಯವಿರುವ ಭಾಗ ಯಾವುದು. ಉತ್ತರಗಳನ್ನು ಓದಿದ ಮೇಲೆ ತರಗತಿಯ ಸಮಯವನ್ನೇ ಬದಲಿಸಿದ ವರ್ಷಗಳಿವೆ.

ತುಂಗಾತೀರ

ಭಯದ ಬಗೆಗಿನ ಪ್ರಶ್ನೆ ಬಹಳ ಒಳ್ಳೆಯದು. ನಾನೂ ಅದನ್ನು ಬಳಸಿಕೊಳ್ಳುತ್ತೇನೆ.

ಶಾಲೆಯ ಅಕ್ಕೋರು

ತರಬೇತಿಗಳ ಬಗ್ಗೆ ಉಪನ್ಯಾಸಕಿಯವರು ಹೇಳಿದ್ದು ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಇನ್ನೂ ಹೆಚ್ಚು ನಿಜ. ಶಾಲಾ ಶಿಕ್ಷಕರಿಗಾಗಿ ಕೇಂದ್ರ ಸರ್ಕಾರ ತಂದ ನಿಷ್ಠಾ ಕಾರ್ಯಕ್ರಮ 2019ರಲ್ಲಿ ಆರಂಭವಾದಾಗ ಮುಖಾಮುಖಿ ತರಬೇತಿಯಾಗಿತ್ತು. 2020ರ ಅಕ್ಟೋಬರ್‌ನಿಂದ ಅದು ಸರ್ಕಾರದ ಕಲಿಕಾ ಜಾಲತಾಣವಾದ ದೀಕ್ಷಾ ವೇದಿಕೆಯ ಮೂಲಕ ಆನ್‌ಲೈನ್ ಆಯಿತು. ಅದರ ವಿಷಯವಸ್ತುವಿನಲ್ಲಿ ಒಳ್ಳೆಯ ಭಾಗಗಳಿವೆ, ಇಲ್ಲವೆನ್ನುವುದಿಲ್ಲ. ಆದರೆ ವಿಡಿಯೊ ಓಡಿಸಿ, ಕೊನೆಯ ಪ್ರಶ್ನೆಗಳಿಗೆ ವಾಟ್ಸ್ಆಪ್ ಗುಂಪಿನಲ್ಲಿ ಬಂದ ಉತ್ತರ ಒತ್ತಿ, ಪ್ರಮಾಣಪತ್ರ ಇಳಿಸಿಕೊಂಡ ಶಿಕ್ಷಕರು ಎಷ್ಟು ಮಂದಿ ಎಂಬುದು ನಮ್ಮೆಲ್ಲರಿಗೂ ಗೊತ್ತು. ಅವರು ಸೋಮಾರಿಗಳಲ್ಲ. ಅವರ ಪ್ರಶ್ನೆಗೆ ಉತ್ತರಿಸುವವರು ಅಲ್ಲಿ ಯಾರೂ ಇರಲಿಲ್ಲ. ಶಿಕ್ಷಕರನ್ನೇ ಹೆಸರಿಲ್ಲದ ಲಾಗಿನ್ ಆಗಿ ನಡೆಸಿಕೊಂಡ ತರಬೇತಿ, ವಿದ್ಯಾರ್ಥಿಯನ್ನು ಹೆಸರು ಹಿಡಿದು ಕರೆಯುವುದನ್ನು ಹೇಗೆ ಕಲಿಸೀತು?

ಗಡಿನಾಡ ಮೇಷ್ಟ್ರು

ಅಕ್ಕೋರೆ, ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಾನಿರುವುದು ಏಕೋಪಾಧ್ಯಾಯ ಶಾಲೆ. ಹಿಂದೆ ತರಬೇತಿಯೆಂದರೆ ಶಾಲೆಗೆ ಬೀಗ ಹಾಕಿ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕಿತ್ತು, ಮಕ್ಕಳು ಅಷ್ಟು ದಿನ ಮನೆಯಲ್ಲಿರುತ್ತಿದ್ದರು. 2017ರಲ್ಲಿ ದೀಕ್ಷಾ ಬಂದು, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಮೂಲಕ ಪಾಠಕ್ಕೆ ಹೊಂದುವ ಸಾಮಗ್ರಿ ಸಿಗತೊಡಗಿದ್ದು ನನ್ನಂಥವನಿಗೆ ದೊಡ್ಡ ಅನುಕೂಲ. ಆನ್‌ಲೈನ್ ತರಬೇತಿಯೇ ಬೇಡವೆಂದು ಹೇಳಿದರೆ ಮೊದಲು ನಷ್ಟವಾಗುವುದು ಊರಿನಿಂದ ದೂರವಿರುವ ಶಿಕ್ಷಕರಿಗೆ.

ಶಾಲೆಯ ಅಕ್ಕೋರು

ಆನ್‌ಲೈನ್ ತರಬೇತಿ ಬೇಡವೆಂದು ನಾನು ಹೇಳಿಲ್ಲ. ಆ ತರಬೇತಿಯಲ್ಲಿ ಮಾತುಕತೆ ಇರಲಿ ಎಂಬುದಷ್ಟೇ ನನ್ನ ಬೇಡಿಕೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಬೆಳವಣಿಗೆಯ ಅವಕಾಶವಿರಬೇಕೆಂದು ಹೇಳಿದೆ. ಅದೇ ವಾಕ್ಯದಲ್ಲಿ ಅದು ಶಿಕ್ಷಕರ ಸ್ವಂತ ಆಸಕ್ತಿಯನ್ನು ಅನುಸರಿಸಿರಬೇಕು ಎಂಬ ಮಾತೂ ಇದೆ. ಮೇಲಧಿಕಾರಿಗಳು ಗಂಟೆಗಳ ಸಂಖ್ಯೆಯನ್ನು ಹಿಡಿದುಕೊಂಡರು, ಎರಡನೆಯ ಭಾಗವನ್ನು ಕೈಬಿಟ್ಟರು ಎಂಬುದು ನನ್ನ ದೂರು.

ದೂರಶಿಕ್ಷಣದ ಹಳಬ

ಸ್ವಲ್ಪ ದೀರ್ಘವಾಗಿ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ. ಆನ್‌ಲೈನ್ ಬೋಧನೆ 2020ರಲ್ಲಿ ಹುಟ್ಟಿತೆಂಬ ಭಾವನೆ ನಮ್ಮಲ್ಲಿದೆ. ಕಣ್ಣಿಗೆ ಕಾಣದ ವಿದ್ಯಾರ್ಥಿಗೆ ಕಲಿಸುವ ಕೆಲಸ ಅದಕ್ಕಿಂತ ಬಹಳ ಹಳೆಯದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಂಚೆ ಮೂಲಕ ಶಿಕ್ಷಣ 1969ರಲ್ಲೇ ಆರಂಭವಾಗಿ, ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ರೂಪುಗೊಂಡಿತು. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದೂ 1969ರಲ್ಲೇ. ಅಂದಿನಿಂದ ಈ ಕ್ಷೇತ್ರದವರು ಕಲಿತ ಮುಖ್ಯ ಪಾಠವೆಂದರೆ, ವಿದ್ಯಾರ್ಥಿ ಬೋಧಕನನ್ನು ಹೆಚ್ಚಾಗಿ ಭೇಟಿಯಾಗುವುದು ಪಾಠದಲ್ಲಲ್ಲ, ತಾನು ಬರೆದ ಉತ್ತರದ ಮೇಲೆ ಬೋಧಕ ಬರೆದ ಮಾತುಗಳಲ್ಲಿ.

ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯದ ವ್ಯವಸ್ಥೆಯಲ್ಲಿ ಬೋಧಕರು ತಿದ್ದುವ ನಿಯೋಜಿತ ಬರಹಗಳಿಗೆ (ಅಸೈನ್‌ಮೆಂಟ್) ಮಹತ್ವವಿರುವುದು ಇದೇ ಕಾರಣಕ್ಕೆ. ಅಂಕ ಹಾಕಿ ಹಿಂತಿರುಗಿಸಿದರೆ ಅದು ಮೌಲ್ಯಮಾಪನ ಮಾತ್ರ. "ನಿಮ್ಮ ಎರಡನೆಯ ಪುಟದ ವಾದ ಗಟ್ಟಿಯಾಗಿದೆ, ಆದರೆ ಮೂರನೆಯ ಉದಾಹರಣೆ ಅದನ್ನೇ ಅಲ್ಲಗಳೆಯುತ್ತದೆ, ಮತ್ತೊಮ್ಮೆ ನೋಡಿ" ಎಂದು ಬರೆದರೆ ಅದು ಬೋಧನೆ. ನಾನು ತಿದ್ದಿದ ಉತ್ತರಪತ್ರಿಕೆಗಳನ್ನು ವರ್ಷಗಳ ನಂತರವೂ ಇಟ್ಟುಕೊಂಡಿರುವ ವಿದ್ಯಾರ್ಥಿಗಳಿದ್ದಾರೆ, ಅವರಲ್ಲಿ ಹಲವರನ್ನು ನಾನು ಕಂಡೇ ಇಲ್ಲ.

ಇದಕ್ಕೆ ಸಿದ್ಧಾಂತದ ಬೆಂಬಲವೂ ಇದೆ. ಮೈಕೆಲ್ ಮೂರ್ ಎಂಬ ವಿದ್ವಾಂಸರು 1970ರ ದಶಕದಿಂದಲೇ ಹೇಳುತ್ತ ಬಂದಂತೆ, ದೂರಶಿಕ್ಷಣದ ದೂರ ಕಿಲೋಮೀಟರುಗಳದ್ದಲ್ಲ. ಪಾಠದ ಚೌಕಟ್ಟು ಬಿಗಿಯಾದಷ್ಟೂ ಸಂವಾದ ಕಡಿಮೆಯಾದಷ್ಟೂ ಆ ದೂರ ಹಿಗ್ಗುತ್ತದೆ. ನೂರು ಮಂದಿಯ ಸಭಾಂಗಣದಲ್ಲಿ ಟಿಪ್ಪಣಿ ಓದಿ ಬರೆಸುವ ಬೋಧಕ, ಫೋನಿನಲ್ಲಿ ಒಬ್ಬ ವಿದ್ಯಾರ್ಥಿಯೊಡನೆ ಹತ್ತು ನಿಮಿಷ ಮಾತನಾಡುವವನಿಗಿಂತ ದೂರದಲ್ಲಿರುತ್ತಾನೆ. ಗ್ಯಾರಿಸನ್, ಆಂಡರ್ಸನ್ ಮತ್ತು ಆರ್ಚರ್ 2000ದಲ್ಲಿ ಪ್ರಕಟಿಸಿದ ಚೌಕಟ್ಟೂ ಇದಕ್ಕೆ ಹತ್ತಿರದ್ದು. ಅವರ ಪ್ರಕಾರ ಆನ್‌ಲೈನ್ ಕಲಿಕೆಗೆ ಮೂರು ಬಗೆಯ ಇರವು ಬೇಕು: ಆಳವಾಗಿ ಯೋಚಿಸುವ ಅವಕಾಶ, ಒಬ್ಬರಿಗೊಬ್ಬರು ಮನುಷ್ಯರಾಗಿ ಗೋಚರಿಸುವ ಅವಕಾಶ, ಎರಡನ್ನೂ ರೂಪಿಸಿ ನಡೆಸುವ ಬೋಧಕರ ಇರವು. ನಮ್ಮ ತರಬೇತಿಗಳು ಸಾಫ್ಟ್‌ವೇರ್ ಕಲಿಸಿ ಮುಗಿಸುತ್ತವೆ, ಈ ಮೂರರಲ್ಲಿ ಒಂದನ್ನೂ ಮುಟ್ಟುವುದಿಲ್ಲ.

ಕರಾವಳಿ ಕಾಲೇಜು

ಹಳಬರೆ, ನಿಮ್ಮ ಮಾತಿನ ಮೇಲೆ ಗೌರವವಿದೆ. ಆದರೆ ನನ್ನ ಮುಂದಿರುವ ಲೆಕ್ಕ ಬೇರೆ. ನಾನು ಅತಿಥಿ ಉಪನ್ಯಾಸಕ. ಮೂರು ತರಗತಿ ಸೇರಿ ಇನ್ನೂರು ಚಿಲ್ಲರೆ ವಿದ್ಯಾರ್ಥಿಗಳು. ಪ್ರತಿಯೊಬ್ಬರ ಉತ್ತರಕ್ಕೂ ಐದು ನಿಮಿಷ ಕೊಟ್ಟರೆ ಹದಿನೇಳು ಗಂಟೆಗಳ ಹತ್ತಿರ ಬರುತ್ತದೆ, ಅದೂ ಒಂದೇ ನಿಯೋಜಿತ ಬರಹಕ್ಕೆ. ಈ ಗಂಟೆಗಳಿಗೆ ಸಂಬಳವೂ ಇಲ್ಲ, ಕಾರ್ಯಭಾರದ ಲೆಕ್ಕದಲ್ಲಿ ಸ್ಥಾನವೂ ಇಲ್ಲ. ನಂಟು ಬೆಳೆಸಿ ಎಂದು ಬೋಧಕರಿಗೆ ಉಪದೇಶಿಸುವ ಮೊದಲು ಆಡಳಿತ ಈ ಸಮಯವನ್ನು ಕೆಲಸವೆಂದು ಒಪ್ಪಿಕೊಳ್ಳಬೇಕು.

ದೂರಶಿಕ್ಷಣದ ಹಳಬ

ಕಾರ್ಯಭಾರದ ಮಾತು ನೂರಕ್ಕೆ ನೂರು ಸರಿ, ಅದಕ್ಕಾಗಿ ಸಂಘಟಿತರಾಗಿ ಕೇಳಲೇಬೇಕು. ಅಲ್ಲಿಯವರೆಗೆ ಒಂದು ದಾರಿಯಿದೆ. ಎಲ್ಲರಿಗೂ ಎಲ್ಲ ಸಲವೂ ಬರೆಯಬೇಡಿ. ತರಗತಿಯನ್ನು ಗುಂಪುಗಳಾಗಿ ಮಾಡಿ, ಪ್ರತಿ ಬರಹಕ್ಕೂ ಒಂದು ಗುಂಪಿಗೆ ಮಾತ್ರ ವಿವರವಾಗಿ ಬರೆಯಿರಿ. ಉಳಿದವರಿಗೆ ಸಾಮಾನ್ಯ ತಪ್ಪುಗಳ ಒಂದು ಪುಟ ಸಾಕು. ಸೆಮಿಸ್ಟರ್ ಮುಗಿಯುವುದರೊಳಗೆ ಪ್ರತಿಯೊಬ್ಬರಿಗೂ ಒಮ್ಮೆಯಾದರೂ ನಿಮ್ಮ ಕೈಬರಹ ತಲುಪುತ್ತದೆ. ಯಾರ ಸರದಿ ಯಾವಾಗ ಎಂಬುದನ್ನು ಮೊದಲೇ ತಿಳಿಸಿ, ಇಲ್ಲದಿದ್ದರೆ ತಮ್ಮನ್ನು ಕಡೆಗಣಿಸಲಾಗಿದೆ ಎಂದು ಉಳಿದವರು ಭಾವಿಸುತ್ತಾರೆ.

ಕಾವೇರಿ ಕಣಿವೆ

ಕೈಬರಹದ ಬದಲು ಧ್ವನಿಯಲ್ಲಿ ಹೇಳಿ ಕಳಿಸಬಹುದು. ಒಂದೂವರೆ ನಿಮಿಷದ ಧ್ವನಿ ಸಂದೇಶದಲ್ಲಿ ಅರ್ಧ ಪುಟದ ಮಾತು ಹೇಳಬಹುದು, ದನಿಯಲ್ಲಿರುವ ಆತ್ಮೀಯತೆಯೂ ಜೊತೆಗೆ ಹೋಗುತ್ತದೆ. "ತಪ್ಪಾಗಿದೆ" ಎಂಬ ಪದವನ್ನು ಬರೆದಾಗ ಗಡುಸಾಗಿ ಕಾಣುತ್ತದೆ, ಹೇಳಿದಾಗ ಹಾಗೆ ಕೇಳುವುದಿಲ್ಲ.

ರಾತ್ರಿ ಓದುವವನು

ನಾನು ಬೋಧಕನಲ್ಲ, ವಿದ್ಯಾರ್ಥಿ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುತ್ತ ಆನ್‌ಲೈನ್‌ನಲ್ಲಿ ಬಿ.ಎ. ಓದುತ್ತಿದ್ದೇನೆ. ಇಲ್ಲಿ ನಮ್ಮ ಕಡೆಯ ಮಾತೂ ಇರಲಿ ಎಂದು ಬರೆಯುತ್ತಿದ್ದೇನೆ.

"ಅರ್ಥವಾಯಿತೇ?" ಎಂದು ಕೇಳಿದಾಗ "ಹೌದು" ಎನ್ನದೆ ಬೇರೇನು ಹೇಳಲಿ, ಮೇಡಂ? ಅರವತ್ತು ಮಂದಿಯ ಎದುರು, ನಾನು ಯಾರೆಂದು ಯಾರಿಗೂ ಗೊತ್ತಿಲ್ಲದ ಕಡೆ, ಅರ್ಥವಾಗಲಿಲ್ಲ ಎನ್ನಲು ಬಹಳ ಧೈರ್ಯ ಬೇಕು. ಅದಕ್ಕಿಂತ ಮುಖ್ಯವಾಗಿ, ಯಾವ ಭಾಗ ಅರ್ಥವಾಗಲಿಲ್ಲ ಎಂದು ಹೇಳಬೇಕಾದರೆ ಆ ವಿಷಯ ಅರ್ಧವಾದರೂ ಅರ್ಥವಾಗಿರಬೇಕು. ನನ್ನ ಓದನ್ನು ಉಳಿಸಿದ್ದು ಒಬ್ಬ ಇತಿಹಾಸದ ಅಧ್ಯಾಪಕರು. ನಾನು ಒಮ್ಮೆ ಚಾಟ್‌ನಲ್ಲಿ ಕಾರ್ಮಿಕ ಚಳವಳಿಯ ಬಗ್ಗೆ ಏನೋ ಕೇಳಿದ್ದೆ. ಮುಂದಿನ ವಾರದ ತರಗತಿಯನ್ನು ಅವರು ನನ್ನ ಹೆಸರು ಹೇಳಿ, ಆ ಪ್ರಶ್ನೆಯಿಂದಲೇ ಆರಂಭಿಸಿದರು. ಅದುವರೆಗೆ ಧ್ವನಿಮುದ್ರಣವನ್ನು ಮರುದಿನ ಕೇಳಿದರಾಯಿತು ಎಂದುಕೊಳ್ಳುತ್ತಿದ್ದವನು, ಪಾಳಿ ಬದಲಿಸಿಕೊಂಡು ನೇರ ತರಗತಿಗೇ ಬರತೊಡಗಿದೆ.

ಇನ್ನೊಂದು ಮಾತು. ಒಂದು ಗಂಟೆಯ ವಿಡಿಯೊ ಪಾಠವನ್ನು ಪೂರ್ತಿ ನೋಡುವವರು ನಮ್ಮ ಗುಂಪಿನಲ್ಲಿ ಯಾರೂ ಇಲ್ಲ. ಬೇಕಾದ ಭಾಗ ಎಲ್ಲಿದೆ ಎಂದು ಹುಡುಕುವುದರಲ್ಲೇ ಸಾಕಾಗುತ್ತದೆ. ಯಾವ ನಿಮಿಷಕ್ಕೆ ಯಾವ ವಿಷಯ ಎಂದು ಕೆಳಗೆ ಬರೆದು ಹಾಕಿ, ದಯವಿಟ್ಟು.

ಬಯಲುಸೀಮೆಯ ಉಪನ್ಯಾಸಕಿ

ರಾತ್ರಿ ಓದುವವರೆ, ನಿಮ್ಮ ಬರಹಕ್ಕೆ ಮನಃಪೂರ್ವಕ ಧನ್ಯವಾದ. ಬೋಧಕರ ಪ್ರತಿ ತರಬೇತಿಯಲ್ಲೂ ವಿದ್ಯಾರ್ಥಿಯೊಬ್ಬರು ಬಂದು ಹೀಗೆ ಮಾತನಾಡುವ ಒಂದು ಗಂಟೆ ಇರಬೇಕೆಂದು ಅನ್ನಿಸುತ್ತಿದೆ.

ಸಿಲಿಕಾನ್ ಮೇಷ್ಟ್ರು

ವಿಡಿಯೊ ಉದ್ದದ ಬಗ್ಗೆ ಸಂಶೋಧನೆಯೇ ಇದೆ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ವೇದಿಕೆಯ ನಾಲ್ಕು ಕೋರ್ಸ್‌ಗಳಲ್ಲಿ ಜನರು ವಿಡಿಯೊಗಳನ್ನು ನೋಡಿದ ಸುಮಾರು 69 ಲಕ್ಷ ಸಂದರ್ಭಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ವಿಡಿಯೊ ಎಷ್ಟೇ ಉದ್ದವಿದ್ದರೂ ನೋಡುಗರು ನಿಲ್ಲುವ ಮಧ್ಯಾಂಕ ಸಮಯ (ಅರ್ಧದಷ್ಟು ಮಂದಿ ಅದಕ್ಕೂ ಮೊದಲೇ ನಿಲ್ಲುವ ಹೊತ್ತು) ಆರು ನಿಮಿಷವನ್ನು ದಾಟುವುದಿಲ್ಲ. ಆದ್ದರಿಂದ ಆರು ನಿಮಿಷಕ್ಕಿಂತ ಉದ್ದದ ಪಾಠವನ್ನು ಮಾಡಲೇಬಾರದು.

ಭೌತವಿಜ್ಞಾನ ಮೇಷ್ಟ್ರು

ಅಧ್ಯಯನ ಸರಿ, ಅದರಿಂದ ನೀವು ತೆಗೆದ ತೀರ್ಮಾನ ಸರಿಯಲ್ಲ. ಅದು ಎಷ್ಟು ಹೊತ್ತು ನೋಡಿದರು ಎಂಬುದರ ಅಳತೆ, ಎಷ್ಟು ಕಲಿತರು ಎಂಬುದರದ್ದಲ್ಲ. ಅದರಲ್ಲಿದ್ದವರು ಲಕ್ಷಾಂತರ ಮಂದಿಗೆ ತೆರೆದಿದ್ದ ಕೋರ್ಸ್‌ಗಳ ನೋಡುಗರು. ಪದವಿಗಾಗಿ ಓದುವ, ಮುಂದೆ ಪರೀಕ್ಷೆ ಇರುವ ವಿದ್ಯಾರ್ಥಿಗೆ ಅದೇ ಅಂಕಿಯನ್ನು ಅಂಟಿಸಲಾಗದು. ವಿದ್ಯುತ್ ಕ್ಷೇತ್ರದ ಬಗೆಗಿನ ಗಾಸ್‌ನ ನಿಯಮವನ್ನು ಆರು ನಿಮಿಷದಲ್ಲಿ ಹೇಳಬಹುದು, ಆದರೆ ಅದನ್ನು ಬಳಸಿ ಒಂದು ಸಮಸ್ಯೆ ಬಿಡಿಸುವಾಗ ಯೋಚನೆ ಹೇಗೆ ಸಾಗುತ್ತದೆಂದು ತೋರಿಸಲು ಇಪ್ಪತ್ತು ನಿಮಿಷ ಬೇಕಾಗಬಹುದು. ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ಹೆಚ್ಚು ಉಪಯೋಗಕ್ಕೆ ಬಂತು: ಸ್ಲೈಡ್‌ಗಳನ್ನು ತೋರಿಸುತ್ತ ಹೋಗುವುದಕ್ಕಿಂತ, ಟ್ಯಾಬ್ಲೆಟ್ ಮೇಲೆ ಕೈಯಿಂದ ಬರೆಯುತ್ತ ವಿವರಿಸುವ ಪಾಠಗಳನ್ನು ಜನ ಹೆಚ್ಚು ಹೊತ್ತು ನೋಡಿದ್ದರು.

ತುಂಗಾತೀರ

ಟ್ಯಾಬ್ಲೆಟ್ ಇಲ್ಲದವರು ಫೋನನ್ನು ಪುಸ್ತಕಗಳ ರಾಶಿಯ ಮೇಲೆ ಕೆಳಮುಖವಾಗಿಟ್ಟು, ಬಿಳಿ ಹಾಳೆಯ ಮೇಲೆ ಬರೆಯುತ್ತ ತೋರಿಸಬಹುದು. ಲೆಕ್ಕಶಾಸ್ತ್ರಕ್ಕೆ ಇದು ಬಹಳ ಒಪ್ಪುತ್ತದೆ, ಖಾತೆಯ ಎರಡು ಬದಿಗಳು ಒಂದೊಂದೇ ಸಾಲಾಗಿ ತುಂಬುವುದು ಕಣ್ಣಿಗೆ ಕಾಣುತ್ತದೆ.

ತರಬೇತಿ ಕೊಡುವವಳು, ಧಾರವಾಡ

ಅನೇಕ ವರ್ಷಗಳಿಂದ ಕಾಲೇಜು ಅಧ್ಯಾಪಕರಿಗೆ ತರಬೇತಿ ನೀಡುತ್ತ ಬಂದಿದ್ದೇನೆ. ಮೊದಲು ಅಕಾಡೆಮಿಕ್ ಸ್ಟಾಫ್ ಕಾಲೇಜು ಎನ್ನುತ್ತಿದ್ದ ಕೇಂದ್ರಗಳು ಮುಂದೆ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು, 2023ರಿಂದ ಮಾಳವೀಯ ಮಿಷನ್ ಹೆಸರಿನಲ್ಲಿ ನಡೆಯುತ್ತಿವೆ. ಈ ಎಲ್ಲ ಅವಧಿಯಲ್ಲಿ ನಾನು ಕಂಡ ಅತ್ಯಂತ ಪರಿಣಾಮಕಾರಿ ಚಟುವಟಿಕೆಗೆ ಹಣವೇ ಬೇಕಾಗಿಲ್ಲ. ಇಬ್ಬರು ಅಧ್ಯಾಪಕರು ತಮ್ಮ ತಮ್ಮ ತರಗತಿಯ ಹತ್ತು ನಿಮಿಷದ ಧ್ವನಿಮುದ್ರಣವನ್ನು ಪರಸ್ಪರ ಬದಲಿಸಿಕೊಂಡು ಕೇಳಬೇಕು. ಕೇಳುವಾಗ ಎರಡು ಅಂಶಗಳನ್ನು ಮಾತ್ರ ಗುರುತು ಹಾಕಿಕೊಳ್ಳಬೇಕು: ಬೋಧಕರಲ್ಲದೆ ಬೇರೆ ಯಾರ ದನಿ ಕೇಳಿಸಿತು, ಪ್ರಶ್ನೆ ಕೇಳಿದ ನಂತರ ಬೋಧಕರು ಎಷ್ಟು ಸೆಕೆಂಡು ಸುಮ್ಮನಿದ್ದರು.

ಎರಡನೆಯದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲೇ ಇದನ್ನು ಅಳೆದು ನೋಡಿದ್ದರು. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡು ಅಥವಾ ಹೆಚ್ಚಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಮಾತನಾಡುವ ಮಕ್ಕಳ ಸಂಖ್ಯೆ ಹೆಚ್ಚಿತು, ಮಕ್ಕಳೇ ಪ್ರಶ್ನೆ ಕೇಳತೊಡಗಿದರು. ಅದು ಎದುರೆದುರು ಕೂತ ತರಗತಿಯ ಮಾತು. ಆನ್‌ಲೈನ್‌ನಲ್ಲಿ ಧ್ವನಿ ತಡವಾಗಿ ತಲುಪುತ್ತದೆ, ಮೈಕ್ ಒತ್ತಬೇಕು, ಕನ್ನಡದಲ್ಲಿ ಟೈಪ್ ಮಾಡಬೇಕು. ಅಲ್ಲಿ ಹತ್ತು ಹದಿನೈದು ಸೆಕೆಂಡಾದರೂ ಕಾಯಬೇಕು. ನಮಗೆ ಆ ಮೌನ ಅಸಹನೀಯವೆನಿಸಿ ನಾವೇ ಉತ್ತರ ಹೇಳಿಬಿಡುತ್ತೇವೆ. ಉಪನ್ಯಾಸಕಿಯವರು ಕೇಳಿದ ಮೌನದ ಪ್ರಶ್ನೆಗೆ ನನ್ನ ಮೊದಲ ಸಲಹೆ ಇದು: ಅದನ್ನು ಇನ್ನಷ್ಟು ಉದ್ದವಾಗಲು ಬಿಡಿ.

ಎರಡನೆಯ ಸಲಹೆ, "ಅರ್ಥವಾಯಿತೇ?" ಎಂಬ ಪ್ರಶ್ನೆಯನ್ನು ಪೂರ್ತಿ ಕೈಬಿಡಿ. ಅದರ ಬದಲು, "ಹತ್ತು ಸಾವಿರ ರೂಪಾಯಿಯ ಸವಕಳಿ ಯಾವ ಎರಡು ಕಡೆ ಬರುತ್ತದೆ? ಎಲ್ಲರೂ ಚಾಟ್‌ನಲ್ಲಿ ಬರೆದಿಟ್ಟುಕೊಳ್ಳಿ, ನಾನು ಹೇಳುವವರೆಗೆ ಕಳಿಸಬೇಡಿ" ಎನ್ನಿ. ಒಂದು ನಿಮಿಷದ ನಂತರ ಎಲ್ಲರೂ ಒಟ್ಟಿಗೆ ಕಳಿಸಲಿ. ಮೊದಲು ಬರೆದವನನ್ನು ನೋಡಿ ನಕಲು ಮಾಡುವ ಅವಕಾಶ ಇರುವುದಿಲ್ಲ, ಅರವತ್ತು ಮಂದಿ ಎಲ್ಲಿದ್ದಾರೆಂದು ನಿಮಗೆ ಒಂದೇ ನೋಟಕ್ಕೆ ತಿಳಿಯುತ್ತದೆ.

ಕರಾವಳಿ ಕಾಲೇಜು

ಇದು ಇನ್ನೂರು ಮಂದಿಗೂ ಸಾಧ್ಯವಾಗುವ ಮಾತು. ನಾಳೆಯೇ ಮಾಡುತ್ತೇನೆ. ಆದರೆ ಧ್ವನಿಮುದ್ರಣ ಬದಲಿಸಿಕೊಳ್ಳುವುದಕ್ಕೆ ನನ್ನ ವಿರೋಧವಿದೆ. ಅತಿಥಿ ಉಪನ್ಯಾಸಕರ ಮುದ್ರಣ ವಿಭಾಗ ಮುಖ್ಯಸ್ಥರ ಕೈಗೆ ಸಿಕ್ಕರೆ ಅದು ಮುಂದಿನ ವರ್ಷದ ನೇಮಕಾತಿಯ ಸಾಕ್ಷ್ಯವಾಗುತ್ತದೆ.

ತರಬೇತಿ ಕೊಡುವವಳು, ಧಾರವಾಡ

ನಿಮ್ಮ ಆತಂಕ ನ್ಯಾಯವಾದದ್ದು. ಆದ್ದರಿಂದಲೇ ಒಂದೇ ಕಾಲೇಜಿನವರನ್ನು ನಾನು ಜೋಡಿ ಮಾಡುವುದಿಲ್ಲ. ಬೇರೆ ಜಿಲ್ಲೆಯ, ಸಾಧ್ಯವಾದರೆ ಬೇರೆ ವಿಷಯದ ಅಧ್ಯಾಪಕರನ್ನು ಜೋಡಿಸುತ್ತೇನೆ. ಕೇಳಿದ ಮೇಲೆ ಮುದ್ರಣವನ್ನು ಅಳಿಸಬೇಕು, ವರದಿ ಬರೆಯಬಾರದು, ಅಂಕ ಕೊಡಬಾರದು. ಬೇರೆ ವಿಷಯದವರಿಗೆ ವಿಷಯ ಗೊತ್ತಿರುವುದಿಲ್ಲವಾದ್ದರಿಂದ ವಿದ್ಯಾರ್ಥಿಯ ಕಿವಿಯಿಂದಲೇ ಕೇಳುತ್ತಾರೆ, ಇದು ನಾನು ನಿರೀಕ್ಷಿಸದೆ ಸಿಕ್ಕ ಲಾಭ.

ಡಲ್ಲಾಸ್ ಭಾನುವಾರದ ತರಗತಿ

ಅಮೆರಿಕದಿಂದ ಒಂದು ಅನುಭವ. ಇಲ್ಲಿನ ಕನ್ನಡಿಗರ ಮಕ್ಕಳಿಗೆ ವಾರಾಂತ್ಯದಲ್ಲಿ ಜೂಮ್ ಮೂಲಕ ಕನ್ನಡ ಕಲಿಸುವ ಸ್ವಯಂಸೇವಕರ ಗುಂಪಿನಲ್ಲಿ ನಾನಿದ್ದೇನೆ. ನಮ್ಮಲ್ಲಿ ಹೆಚ್ಚಿನವರು ಶಿಕ್ಷಕ ವೃತ್ತಿಯವರಲ್ಲ, ಎಂಜಿನಿಯರುಗಳು, ಗೃಹಿಣಿಯರು, ದಾದಿಯರು. ಹೊಸಬರಿಗೆ ನಾವು ಪ್ರತ್ಯೇಕ ತರಬೇತಿ ನಡೆಸುವುದಿಲ್ಲ. ಅವರು ಮೊದಲ ಅವಧಿಯಲ್ಲಿ ಅನುಭವಿ ಬೋಧಕರ ಜೊತೆಗಾರರಾಗಿ ಕೂರುತ್ತಾರೆ. ಒಬ್ಬರು ಪಾಠ ಮಾಡುವಾಗ ಇನ್ನೊಬ್ಬರು ಮಕ್ಕಳ ಮುಖಗಳನ್ನು ಮತ್ತು ಚಾಟನ್ನು ನೋಡುತ್ತಿರುತ್ತಾರೆ. ಸುಮ್ಮನಾದ ಮಗುವಿಗೆ ಖಾಸಗಿಯಾಗಿ ಒಂದು ಸಾಲು ಬರೆಯುತ್ತಾರೆ. ತರಗತಿ ಮುಗಿದ ಮೇಲೆ ಇಬ್ಬರೂ ಕೂತು ಆ ದಿನ ಯಾವ ಮಗು ಒಮ್ಮೆಯೂ ಬಾಯಿ ತೆರೆಯಲಿಲ್ಲ ಎಂದು ಮಾತನಾಡಿಕೊಳ್ಳುತ್ತಾರೆ. ಹೀಗೆ ಕೂತವರು ಪಾಠ ಮಾಡುವ ಹೊತ್ತಿಗೆ ಮಕ್ಕಳನ್ನೆಲ್ಲ ಬಲ್ಲವರಾಗಿರುತ್ತಾರೆ.

ಗಡಿನಾಡ ಮೇಷ್ಟ್ರು

ಹತ್ತು ಹನ್ನೆರಡು ಮಕ್ಕಳ ತರಗತಿಗೆ ಇಬ್ಬರು ಬೋಧಕರು. ಇಲ್ಲಿ ಐದು ತರಗತಿಗೆ ನಾನೊಬ್ಬನೇ ಇದ್ದೇನೆ. ನಿಮ್ಮ ಮಾದರಿ ಸೊಗಸಾಗಿದೆ, ನಮ್ಮಲ್ಲಿಗೆ ಹೇಗೆ ತರುವುದೆಂದು ಹೇಳಿ.

ಭೌತವಿಜ್ಞಾನ ಮೇಷ್ಟ್ರು

ಕಾಲೇಜುಗಳಲ್ಲಿ ಒಂದು ಮಟ್ಟಿಗೆ ತರಬಹುದು. ಎರಡನೆಯ ಬೋಧಕರ ಜಾಗದಲ್ಲಿ ಪ್ರತಿ ವಾರ ಒಬ್ಬ ವಿದ್ಯಾರ್ಥಿಯನ್ನು ಕೂರಿಸಿ. ಚಾಟ್‌ನಲ್ಲಿ ಬಂದ ಪ್ರಶ್ನೆಗಳನ್ನು ಓದಿ ಹೇಳುವುದು ಅವರ ಕೆಲಸ. ಬಾಯಿ ಬಿಡಲು ಹೆದರುವವರು ಸ್ನೇಹಿತನಿಗೆ ಬರೆದು ಕೇಳಿಸುತ್ತಾರೆ.

ಶಾಲೆಯ ಅಕ್ಕೋರು

ಚಿಕ್ಕ ಮಕ್ಕಳ ವಿಷಯದಲ್ಲಿ ನಾನು ಇನ್ನೊಂದನ್ನು ಸೇರಿಸಲೇಬೇಕು. 2020ರಲ್ಲಿ ಅಜೀಂ ಪ್ರೇಮ್‌ಜಿ ಸಂಸ್ಥೆ ಐದು ರಾಜ್ಯಗಳ ಸರ್ಕಾರಿ ಶಾಲೆಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಆನ್‌ಲೈನ್ ತರಗತಿಯಲ್ಲಿ ಮಕ್ಕಳೊಂದಿಗೆ ಭಾವನಾತ್ಮಕ ಬಂಧ ಉಳಿಸಿಕೊಳ್ಳುವುದು ಅಸಾಧ್ಯವೆಂದು ಶೇಕಡ 80ಕ್ಕೂ ಹೆಚ್ಚು ಶಿಕ್ಷಕರು ಹೇಳಿದ್ದರು. ಶೇಕಡ 60ಕ್ಕೂ ಹೆಚ್ಚು ಮಕ್ಕಳಿಗೆ ಆನ್‌ಲೈನ್ ಪಾಠ ತಲುಪುವ ದಾರಿಯೇ ಇರಲಿಲ್ಲ. ಅದೇ ವರ್ಷ, ಶಾಲೆಗಳು ಮುಚ್ಚಿದ್ದಾಗ ರಾಜ್ಯ ಸರ್ಕಾರ ತಂದ ವಿದ್ಯಾಗಮ ಯೋಜನೆಯಲ್ಲಿ ನಾವು ದೇವಸ್ಥಾನದ ಜಗಲಿಯಲ್ಲಿ, ಮರದಡಿಯಲ್ಲಿ ಮಕ್ಕಳನ್ನು ಚಿಕ್ಕ ಗುಂಪುಗಳಾಗಿ ಕೂರಿಸಿ ಕಲಿಸಿದೆವು. ಸೋಂಕಿನ ಕಾರಣ ಅಕ್ಟೋಬರ್‌ನಲ್ಲಿ ಅದು ನಿಂತಿತು. ಆ ಅನುಭವದಿಂದ ಹೇಳುತ್ತೇನೆ, ಏಳೆಂಟು ವರ್ಷದ ಮಗುವಿಗೆ ಪರದೆಯ ಮೂಲಕ ಕಲಿಸುವಾಗ ನಿಜವಾದ ಸಂಪರ್ಕ ತಾಯಿಯ ಜೊತೆಗಿನದು. ವಾರಕ್ಕೊಮ್ಮೆ ತಾಯಿಗೆ ಫೋನ್ ಮಾಡಿದ ಮನೆಗಳ ಮಕ್ಕಳು ಪಾಠಕ್ಕೆ ಅಂಟಿಕೊಂಡರು.

ಮಲೆನಾಡಿನ ಇಂಗ್ಲಿಷ್ ಮೇಡಂ

ಫೋನ್ ಎಂದಾಗ ಹೇಳಲೇಬೇಕಾದ ಮಾತೊಂದಿದೆ, ಇಲ್ಲಿ ಯಾರೂ ಎತ್ತಿಲ್ಲ. ನಂಟು ಬೆಳೆಸಿ ಎಂಬ ಉಪದೇಶದ ಭಾರ ಮಹಿಳಾ ಬೋಧಕರ ಮೇಲೆ ಹೆಚ್ಚು ಬೀಳುತ್ತದೆ. ನನ್ನ ಸ್ವಂತ ನಂಬರ್ ಗುಂಪಿನಲ್ಲಿ ಹೋದ ಮೇಲೆ ರಾತ್ರಿ ಹನ್ನೊಂದಕ್ಕೂ ಕರೆಗಳು ಬಂದವು, ಗುರುತಿಲ್ಲದವರಿಂದ ಸಂದೇಶಗಳು ಬಂದವು. ದೂರು ಕೊಟ್ಟರೆ "ನಂಬರ್ ಕೊಟ್ಟವರು ನೀವೇ ಅಲ್ಲವೇ" ಎಂದರು. ಬೋಧಕರು ಸಂಪರ್ಕಕ್ಕೆ ಸಿಗುವ ಗಂಟೆಗಳು ಗೊತ್ತಾಗಿರಬೇಕು, ಸಂಪರ್ಕ ಸಂಸ್ಥೆಯ ವೇದಿಕೆಯಲ್ಲೇ ನಡೆಯಬೇಕು, ಸಂಸ್ಥೆಯೇ ಪ್ರತ್ಯೇಕ ಸಿಮ್ ಕೊಡಬೇಕು. ತರಬೇತಿಯಲ್ಲಿ ಈ ವಿಷಯಕ್ಕೆ ಅರ್ಧ ದಿನ ಮೀಸಲಿಡಬೇಕು.

ರಾತ್ರಿ ಓದುವವನು

ವಿದ್ಯಾರ್ಥಿಯಾಗಿ ನಾನೂ ಒಪ್ಪುತ್ತೇನೆ. ಯಾವಾಗ ಬೇಕಾದರೂ ಕೇಳಿ ಎನ್ನುವ ಅಧ್ಯಾಪಕರಿಗೆ ನಾವು ಕೇಳುವುದೇ ಇಲ್ಲ, ಅವರಿಗೆ ತೊಂದರೆಯಾದೀತೆಂದು ಸಂಕೋಚ. ಗುರುವಾರ ಎಂಟರಿಂದ ಒಂಬತ್ತರವರೆಗೆ ಕುಳಿತಿರುತ್ತೇನೆ ಎನ್ನುವವರಿಗೆ ಕೇಳುತ್ತೇವೆ.

ಧ್ವನಿಯಿಂದ ಓದುವವಳು

ನಾನು ದೃಷ್ಟಿ ಇಲ್ಲದ ಎಂ.ಎ. ವಿದ್ಯಾರ್ಥಿನಿ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿರುವುದನ್ನು ನನಗೆ ಕನ್ನಡದಲ್ಲೇ ಓದಿ ಹೇಳುತ್ತದೆ. ಆದರೆ ಅಧ್ಯಾಪಕರು ಕಳಿಸುವ ಟಿಪ್ಪಣಿಗಳಲ್ಲಿ ಅರ್ಧಕ್ಕೂ ಹೆಚ್ಚು ಪುಸ್ತಕದ ಫೋಟೊ ತೆಗೆದು ಪಿಡಿಎಫ್ ಮಾಡಿದವು. ಅವು ನನಗೆ ಖಾಲಿ ಪುಟಗಳು. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಕಡತಗಳೂ ಅರ್ಥವಿಲ್ಲದ ಸದ್ದಾಗಿ ಕೇಳುತ್ತವೆ, ಎಲ್ಲ ತಂತ್ರಾಂಶಗಳೂ ಗುರುತಿಸುವ ಯೂನಿಕೋಡ್ ಅಕ್ಷರಗಳಲ್ಲಿದ್ದರೆ ಮಾತ್ರ ಓದುತ್ತದೆ. ತರಗತಿಯಲ್ಲಿ "ಇಲ್ಲಿ ನೋಡಿ, ಈ ಗೆರೆ ಹೀಗೆ ಏರುತ್ತದೆ" ಎಂದರೆ ನಾನು ಎಲ್ಲಿ ನೋಡಲಿ? "ಬೆಲೆ ಏರಿದಂತೆ ಬೇಡಿಕೆ ಇಳಿಯುವುದನ್ನು ತೋರಿಸುವ ಗೆರೆ ಎಡದ ಮೇಲ್ತುದಿಯಿಂದ ಬಲದ ಕೆಳತುದಿಗೆ ಇಳಿಯುತ್ತದೆ" ಎಂದರೆ ನನಗೂ ಸಿಗುತ್ತದೆ. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಪಾಠ ಕೇಳುವವರಿಗೂ ಅದೇ ವಾಕ್ಯ ಬೇಕು. ಈ ಅಭ್ಯಾಸಗಳನ್ನು ಬೋಧಕರಿಗೆ ಕಲಿಸಲು ಒಂದು ಮಧ್ಯಾಹ್ನ ಸಾಕು.

ತರಬೇತಿ ಕೊಡುವವಳು, ಧಾರವಾಡ

ನಿಮ್ಮ ಬರಹವನ್ನು ನನ್ನ ಮುಂದಿನ ತರಬೇತಿಯಲ್ಲಿ ಓದಿ ಹೇಳಲು ಅನುಮತಿ ಕೊಡುವಿರಾ? ನೀವೇ ಬಂದು ಮಾತನಾಡಿದರೆ ಇನ್ನೂ ಸಂತೋಷ.

ಧ್ವನಿಯಿಂದ ಓದುವವಳು

ಆನ್‌ಲೈನ್ ಆದರೆ ಖಂಡಿತ ಬರುತ್ತೇನೆ. ಕಡತಗಳನ್ನು ಮಾತ್ರ ಮೊದಲೇ ಯೂನಿಕೋಡ್‌ನಲ್ಲಿ ಕಳಿಸಿ.

ಕಾವೇರಿ ಕಣಿವೆ

ಭಾಷೆಯ ಮಾತು ಬಂದದ್ದರಿಂದ ಕೇಳುತ್ತೇನೆ. ನಮ್ಮ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಕನ್ನಡ ಮಾಧ್ಯಮದಿಂದ ಬಂದವರು. ಪಾಠ ಇಂಗ್ಲಿಷಿನಲ್ಲಿರುತ್ತದೆ, ಚಾಟ್ ಇಂಗ್ಲಿಷಿನಲ್ಲಿರುತ್ತದೆ. ಆ ಮೌನದಲ್ಲಿ ಎಷ್ಟು ಭಾಗ ಇಂಗ್ಲಿಷಿನ ಭಯ? ಪ್ರಶ್ನೆಗಳನ್ನು ಕನ್ನಡದಲ್ಲೇ, ಬೇಕಾದರೆ ಧ್ವನಿ ಸಂದೇಶದಲ್ಲೇ ಕಳಿಸಿ ಎಂದು ನಾನು ಹೇಳಿದ ಸೆಮಿಸ್ಟರ್‌ನಲ್ಲಿ ಪ್ರಶ್ನೆಗಳ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಏರಿತು.

ಸಿಲಿಕಾನ್ ಮೇಷ್ಟ್ರು

ಆದರೆ ಪರೀಕ್ಷೆ ಇಂಗ್ಲಿಷಿನಲ್ಲೇ ಬರೆಯಬೇಕಲ್ಲವೇ? ಕನ್ನಡದಲ್ಲೇ ಕೇಳಿ ಕನ್ನಡದಲ್ಲೇ ಉತ್ತರ ಪಡೆದರೆ ಕೊನೆಗೆ ಕಷ್ಟಪಡುವವರು ಅವರೇ.

ಕಾವೇರಿ ಕಣಿವೆ

ಪ್ರಶ್ನೆ ಕನ್ನಡದಲ್ಲಿ ಬರಲಿ, ವಿವರಣೆ ಕನ್ನಡದಲ್ಲಿ ಹೋಗಲಿ, ಪರಿಭಾಷೆ ಎರಡೂ ಭಾಷೆಯಲ್ಲಿರಲಿ. ವಿಷಯ ತಿಳಿದವನು ಇಂಗ್ಲಿಷಿನಲ್ಲಿ ಬರೆಯಲು ಕಲಿಯಬಲ್ಲ. ವಿಷಯವೇ ತಿಳಿಯದವನಿಗೆ ಇಂಗ್ಲಿಷ್ ಏನು ಬರೆಸೀತು?

ಮಲೆನಾಡಿನ ಇಂಗ್ಲಿಷ್ ಮೇಡಂ

ಇಂಗ್ಲಿಷ್ ಕಲಿಸುವವಳಾಗಿ ನಾನು ಕಾವೇರಿ ಕಣಿವೆಯವರ ಪರ.

ಬಯಲುಸೀಮೆಯ ಉಪನ್ಯಾಸಕಿ

ಇಷ್ಟು ಮಂದಿ ಇಷ್ಟು ಕಾಳಜಿಯಿಂದ ಬರೆದಿರಿ. ಈ ಸೆಮಿಸ್ಟರ್‌ಗೆ ನಾನು ತೀರ್ಮಾನಿಸಿದ್ದನ್ನು ಹೇಳುತ್ತೇನೆ. ಮೊದಲ ವಾರ ಭೌತವಿಜ್ಞಾನದವರ ಪ್ರಶ್ನೆಗಳನ್ನು ಕಳಿಸುತ್ತೇನೆ, ಉತ್ತರ ಕನ್ನಡದಲ್ಲೂ ಬರಬಹುದೆಂದು ಬರೆದೇ ಕಳಿಸುತ್ತೇನೆ. "ಅರ್ಥವಾಯಿತೇ?" ಎಂದು ಇನ್ನು ಕೇಳುವುದಿಲ್ಲ. ಹನ್ನೆರಡು ಹದಿಮೂರು ಮಂದಿಯ ಐದು ಗುಂಪು ಮಾಡಿ, ಪ್ರತಿ ಅಭ್ಯಾಸಕ್ಕೆ ಒಂದು ಗುಂಪಿಗೆ ಧ್ವನಿಯಲ್ಲಿ ವಿವರವಾಗಿ ಉತ್ತರಿಸುತ್ತೇನೆ. ಹಾಳೆಯ ಮೇಲೆ ಖಾತೆ ಬರೆಯುತ್ತ, ಯಾವ ಮೊತ್ತ ಯಾವ ಬದಿಗೆ ಹೋಗುತ್ತಿದೆಯೆಂದು ಬಾಯಿಬಿಟ್ಟು ಹೇಳುತ್ತೇನೆ.

ಒಂದು ಮಾತಿಗೆ ಮಾತ್ರ ಜೊತೆ ಬೇಕು. ನನ್ನ ಹತ್ತು ನಿಮಿಷದ ಮುದ್ರಣವನ್ನು ಕೇಳಿ, ಧಾರವಾಡದವರು ಹೇಳಿದ ಎರಡು ಅಂಶಗಳನ್ನು ಗುರುತು ಹಾಕಿಕೊಡಲು ಬೇರೆ ಜಿಲ್ಲೆಯ, ಬೇರೆ ವಿಷಯದ ಯಾರಾದರೂ ಸಿದ್ಧರಿದ್ದೀರಾ? ನಿಮ್ಮದನ್ನು ನಾನು ಕೇಳುತ್ತೇನೆ.

ಮಲೆನಾಡಿನ ಇಂಗ್ಲಿಷ್ ಮೇಡಂ

ನಾನು ಸಿದ್ಧ. ಲೆಕ್ಕಶಾಸ್ತ್ರದ ಗಂಧವೂ ನನಗಿಲ್ಲ, ಆದ್ದರಿಂದ ನಿಮಗೆ ತಕ್ಕ ಕೇಳುಗಳು. ಮುದ್ರಿಸುವ ಮೊದಲು ವಿದ್ಯಾರ್ಥಿಗಳಿಗೆ ಯಾಕೆ, ಯಾರಿಗಾಗಿ ಎಂದು ಹೇಳಿ ಅವರ ಒಪ್ಪಿಗೆ ಪಡೆದುಕೊಳ್ಳಿ, ಬೇಡವೆಂದವರ ದನಿ ಇರುವ ಭಾಗವನ್ನು ಕಳಿಸಬೇಡಿ. ನನ್ನ ತರಗತಿ ಬುಧವಾರ. ಈ ವಾರದ ಪ್ರಬಂಧದ ಪಾಠವನ್ನು ಮುದ್ರಿಸಿ ಗುರುವಾರ ಸಂಜೆಯೊಳಗೆ ಕಳಿಸುತ್ತೇನೆ, ನಿಮ್ಮದು ಯಾವ ವಾರ?

ಕರಾವಳಿ ಕಾಲೇಜು

ಕಾರ್ಯಭಾರದ ನನ್ನ ಪ್ರಶ್ನೆ ಇನ್ನೂ ಹಾಗೆಯೇ ಇದೆ, ಅದಕ್ಕೆ ಬೇರೆ ಚರ್ಚೆ ಆರಂಭಿಸುತ್ತೇನೆ. ಮುದ್ರಣ ಬದಲಿಸಿಕೊಳ್ಳಲು ಉತ್ತರ ಕರ್ನಾಟಕದ ವಿಜ್ಞಾನ ವಿಭಾಗದವರು ಯಾರಾದರೂ ಇದ್ದರೆ ನನಗೆ ಖಾಸಗಿಯಾಗಿ ಬರೆಯಿರಿ.